ಗೊಣಗಾಟಕ್ಕೆ ರಸೀದಿ ಇಲ್ಲ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಚಹಾದಂಗಡಿಗಳಲ್ಲಿ ಬೆಳಗಾದರೆ ಕೇಳಿಬರುವ ಗೊಣಗಾಟ ಬರಹಕ್ಕೆ ಇಳಿಯದೆ ಅಲ್ಲಿಯೇ ಆರಿಹೋಗುತ್ತಿರುವುದು ಬೇಸರದ ಸಂಗತಿ. ನೀರು ಬಾರದ ದಿನ, ಉರಿಯದ ಬೀದಿದೀಪ, ಮುಚ್ಚದ ತಗ್ಗು, ಪ್ರಮಾಣಪತ್ರಕ್ಕಾಗಿ ಅಲೆದಾಟ ಎಲ್ಲವನ್ನೂ ಚರ್ಚಿಸುವ ನಾವು, ‘ಬರೆದುಕೊಟ್ಟರ ಏನ್ ಆಗತದ ಬಿಡ್ರಿ’ ಎಂದು ಕಪ್ಪು ಕೆಳಗಿಟ್ಟು ಎದ್ದುಹೋಗುತ್ತೇವೆ (ನಾನೂ ಇದಕ್ಕೆ ಹೊರತಲ್ಲ). ಆಡಿದ ಮಾತಿಗೆ ದಿನಾಂಕವಾಗಲಿ ಸಂಖ್ಯೆಯಾಗಲಿ ಇರದ ಕಾರಣ ಯಾರೂ ಅದಕ್ಕೆ ಉತ್ತರಿಸಬೇಕಿಲ್ಲ. ಆದರೆ ಸರ್ಕಾರಿ ಸೇವೆಗಳನ್ನು ನಿಗದಿತ ಗಡುವಿನೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರುವ ಸೇವೆಗೆ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆದರೆ, ಗಡುವು ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕು ಅರ್ಜಿದಾರರಿಗಿದೆ. ಮೊತ್ತ ಸಣ್ಣದೇ, ವಿಳಂಬವಂತೂ ದಾಖಲಾಗುತ್ತದೆ. ತಗ್ಗು, ಗಟಾರಗಳ ದೂರಿಗೂ ಇಂಥದೇ ಕಟ್ಟುನಿಟ್ಟು ಬೇಕು. ಪ್ರತಿ ವಾರ್ಡಿನಲ್ಲಿ ದೂರಿನ ಪುಸ್ತಕವೊಂದನ್ನಿಟ್ಟು, ಬರೆದವರಿಗೆ ಸಂಖ್ಯೆಯಿರುವ ರಸೀದಿ ನೀಡಿ, ತಿಂಗಳಿಗೊಮ್ಮೆ ನಿವಾಸಿಗಳ ಎದುರು ಅದನ್ನು ಓದಿ, ಪ್ರತಿ ದೂರಿನ ಮುಂದೆ ಸಂಬಂಧಪಟ್ಟ ಅಧಿಕಾರಿಯಿಂದಲೇ ಉತ್ತರ ಬರೆಸುವ ಏರ್ಪಾಡನ್ನು ಅವಳಿ ನಗರದ ಜನಪ್ರತಿನಿಧಿಗಳು ಮಾಡಬೇಕು.

– ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ