ಬಿಲ್ವದ ಕಾಯಿಗೆ ಧಾರೆ ಎರೆದರೆ ಬಾಲ್ಯವಿವಾಹವೇ?

ಮಾನ್ಯ ಸಂಪಾದಕರೇ,

ಪಶುಪತಿನಾಥ–ಮುಕ್ತಿನಾಥ ಪ್ಯಾಕೇಜಿನಲ್ಲಿ ಹೋಗಿಬಂದವರ ಫೋಟೊಗಳು ದಾವಣಗೆರೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ಅದರಲ್ಲೊಂದು ಭಕ್ತಪುರದ ಅಂಗಳದ್ದು. ಕೆಂಪು ಜರಿ ಸೀರೆ ಉಟ್ಟು, ಬೈತಲೆ ತುಂಬ ಸಿಂಧೂರ ಹಚ್ಚಿಕೊಂಡು ಸಾಲಾಗಿ ಕೂತ ಆರೇಳು ವರ್ಷದ ಹೆಣ್ಣುಮಕ್ಕಳು. ಕೆಳಗೆ ‘ನೇಪಾಳದಲ್ಲಿ ಸಾಮೂಹಿಕ ಬಾಲ್ಯವಿವಾಹ ನೋಡಿ’ ಎಂಬ ಒಕ್ಕಣೆ. ಬಾಲ್ಯವಿವಾಹ ತಡೆಯುವುದಕ್ಕೆ ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ಅಲೆಯುವ ಸೀಮೆ ನಮ್ಮದು, ಹಾಗಾಗಿ ನೋಡಿದವರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಆ ಚಿತ್ರದಲ್ಲಿ ಮದುಮಗ ಎಲ್ಲಿದ್ದಾನೆಂದು ಯಾರೂ ಹುಡುಕಿದಂತಿಲ್ಲ. ಮಕ್ಕಳ ಕೈಯಲ್ಲಿದ್ದ ಕಾಯಿಯನ್ನಾದರೂ ನೋಡಬೇಕಿತ್ತು.

ಅದು ‘ಇಹಿ’. ಕಠ್ಮಂಡು ಕಣಿವೆಯ ನೇವಾರರು, ಹಿಂದೂಗಳಿರಲಿ ಬೌದ್ಧರಿರಲಿ, ಹೆಣ್ಣುಮಗು ಮೈನೆರೆಯುವ ಮೊದಲು ಮಾಡಿಸುವ ಸಂಸ್ಕಾರ. ಸಾಮಾನ್ಯವಾಗಿ 5ರಿಂದ 9 ವರ್ಷದೊಳಗೆ ಮುಗಿಸುತ್ತಾರೆ. ಖರ್ಚು ಹಂಚಿಕೊಳ್ಳಲು ಹತ್ತಾರು ಮನೆಯವರು ಕೂಡಿ ಒಂದೇ ಅಂಗಳದಲ್ಲಿ ಮಾಡುವುದೂ ಉಂಟು, ನಮ್ಮ ಮಠಗಳ ಸಾಮೂಹಿಕ ಮದುವೆಯ ಹಾಗೆ. ಎರಡು ದಿನದ ಕೆಲಸ. ಮೊದಲ ದಿನ ಶುದ್ಧಿ. ಹಳದಿ ದಾರವನ್ನು ಮಗುವಿನ ಅಡಿಯಿಂದ ಮುಡಿಯವರೆಗೆ 108 ಬಾರಿ ಅಳೆದು ಎಳೆ ಸೇರಿಸುತ್ತಾರೆ. ಎರಡನೇ ದಿನ ಕನ್ಯಾದಾನ. ವರ ಸುವರ್ಣಕುಮಾರ, ಅಂದರೆ ದೇವರು. ಬಿಲ್ವದ ಕಾಯಿ ಸಾಕ್ಷಿ ಎನ್ನುವವರಿದ್ದಾರೆ, ಕಾಯಿಯೇ ವರ ಎನ್ನುವವರೂ ಇದ್ದಾರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಉತ್ತರ ಸಿಕ್ಕರೆ ಗೊಂದಲಪಡಬೇಕಿಲ್ಲ.

ಇಲ್ಲೊಂದು ಸಣ್ಣ ತಿದ್ದುಪಡಿ. ಗೈಡ್ ಹಿಂದಿಯಲ್ಲಿ ‘ಬೇಲ್’ ಎಂದದ್ದನ್ನು ಕೇಳಿ ನಮ್ಮವರು ‘ಬೇಲದ ಹಣ್ಣಿಗೆ ಮದುವೆ’ ಎಂದು ಬರೆಯುತ್ತಿದ್ದಾರೆ. ನಮ್ಮ ಬೇಲ ಬೇರೆ ಮರ, ಬೂದುಬಣ್ಣದ ಒರಟು ತೊಗಟೆಯ ಹಣ್ಣು. ಇಹಿಯ ಕಾಯಿ ಈಶ್ವರನಿಗೆ ಏರಿಸುವ ಬಿಲ್ವಪತ್ರೆ ಮರದ್ದು. ಅದು ಬಿರುಕಿಲ್ಲದೆ, ಕಲೆಯಿಲ್ಲದೆ ಇರಬೇಕು. ಶಾಸ್ತ್ರದ ನಡುವೆ ಕಾಯಿಗೆ ಪೆಟ್ಟಾದರೆ ಮುಂದೆ ಸಿಗುವ ಗಂಡ ಸರಿಯಿರುವುದಿಲ್ಲವೆಂಬ ನಂಬಿಕೆ ಇರುವುದರಿಂದ ತಾಯಂದಿರ ಕಣ್ಣು ಅದರ ಮೇಲೆಯೇ ಇರುತ್ತದೆ. ‘ಒಂದು ನಿಮಿಷ ಕೊಡಮ್ಮಾ, ಸೆಲ್ಫಿ’ ಎಂದು ಮಗುವಿನ ಕೈಯಿಂದ ಕಾಯಿ ತೆಗೆದುಕೊಳ್ಳುವವರು ಎಂಥ ಕೆಲಸ ಮಾಡುತ್ತಿದ್ದೇವೆಂದು ತಿಳಿದಿರಲಿ.

ದೇವರನ್ನು ಒಮ್ಮೆ ಮದುವೆಯಾದ ಹೆಣ್ಣು ಎಂದೂ ವಿಧವೆಯಾಗುವುದಿಲ್ಲ, ಇದು ಇಹಿಯ ತಿರುಳು. ಮುಂದೆ ಕೈಹಿಡಿದ ಗಂಡ ತೀರಿಕೊಂಡರೂ ಅವಳ ಮೊದಲ ಗಂಡ ಇದ್ದೇ ಇರುತ್ತಾನೆ. ಸಂಸಾರ ಬೇಡವಾದಾಗ ಗಂಡನ ದಿಂಬಿನ ಕೆಳಗೆ ಅಡಕೆ ಇಟ್ಟು ಹೊರಟುಬರುವ ಪದ್ಧತಿಯೂ ನೇವಾರ ಹೆಂಗಸರಿಗೆ ಹಿಂದೆ ಇತ್ತು. ನಿಜವಾದ ಮದುವೆಯಲ್ಲೂ ಮದುಮಗಳು ಗಂಡನ ಮನೆಯ ಒಬ್ಬೊಬ್ಬರಿಗೂ ಹತ್ತು ಹತ್ತು ಅಡಕೆ ಕೊಟ್ಟು ಸಂಬಂಧ ಕೂಡಿಸಿಕೊಳ್ಳುತ್ತಾಳೆ. ಕೂಡುವುದಕ್ಕೂ ಅಡಕೆ, ಬಿಡುವುದಕ್ಕೂ ಅಡಕೆ! ಚನ್ನಗಿರಿ ಕಡೆಯವರು ಇದನ್ನು ಕೇಳಿ ಸಂತೋಷಪಡಬಹುದು. ಇನ್ನು ಕಾನೂನಿನ ಮಾತಿಗೆ ಬಂದರೆ, ನೇಪಾಳದಲ್ಲಿ ಮದುವೆಯ ಕನಿಷ್ಠ ವಯಸ್ಸು ಹೆಣ್ಣಿಗೂ ಗಂಡಿಗೂ 20. ನಮ್ಮಲ್ಲಿ ಹೆಣ್ಣಿಗೆ 18.

ಇಹಿಯ ನಂತರ ‘ಬಾರ್ಹಾ’. ಹುಡುಗಿಯನ್ನು 12 ದಿನ ಬಿಸಿಲು ಬೀಳದ ಕೋಣೆಯಲ್ಲಿ, ಗಂಡಸರ ಕಣ್ಣಿಗೆ ಬೀಳದ ಹಾಗೆ ಕೂರಿಸಿ, 12ನೇ ದಿನ ಸೂರ್ಯನಿಗೆ ಮದುವೆ ಮಾಡಿಸುತ್ತಾರೆ. ಇದನ್ನು ಪ್ರವಾಸಿಗೆ ತೋರಿಸುವುದಿಲ್ಲ, ತೋರಿಸಿ ಎಂದು ಕೇಳಲೂಬಾರದು. ಕರೆದರೆ ಕೊನೆಯ ದಿನದ ಊಟಕ್ಕೆ ಕರೆಯುತ್ತಾರೆ, ಅಷ್ಟೆ.

ಹಿರಿಯರ ‘ಜಂಕು’ ಮಾತ್ರ ಬೀದಿಯಲ್ಲೇ ನಡೆಯುತ್ತದೆ, ನಿಂತು ನೋಡಬಹುದು. ವಯಸ್ಸಿನ ಲೆಕ್ಕ 77 ವರ್ಷ, 7 ತಿಂಗಳು, 7 ದಿನ. ಅಜ್ಜ ಅಥವಾ ಅಜ್ಜಿಯನ್ನು ಪುಟ್ಟ ರಥದಲ್ಲಿ ಕೂರಿಸಿ ಮಕ್ಕಳು ಮೊಮ್ಮಕ್ಕಳು ಕೇರಿ ತುಂಬ ಎಳೆಯುತ್ತಾರೆ. ಅದರ ಇನ್ನೊಂದು ಹೆಸರು ಭೀಮರಥಾರೋಹಣ. ನಮ್ಮಲ್ಲಿ 70ಕ್ಕೆ ಮಾಡಿಸುವ ಭೀಮರಥ ಶಾಂತಿಯ ಹೆಸರು ಅಲ್ಲಿ ನಿಜವಾದ ರಥವನ್ನೇ ಏರಿದೆ. ನಾವು ಹೋಮದ ಹೊಗೆಯಲ್ಲಿ ಅಜ್ಜಂದಿರನ್ನು ಕೆಮ್ಮಿಸುತ್ತೇವೆ, ಅವರು ಸವಾರಿ ಮಾಡಿಸುತ್ತಾರೆ.

ಮನೆಯೊಳಗೆ ಕೂತು ನೋಡಲು ಪ್ರವಾಸಿಗೆ ಸಿಗುವ ಅತ್ಯುತ್ತಮ ಆಚರಣೆ ‘ಮ್ಹ ಪೂಜಾ’. ‘ಮ್ಹ’ ಎಂದರೆ ಮೈ, ತನ್ನ ಮೈಯನ್ನೇ ಪೂಜಿಸಿಕೊಳ್ಳುವುದು. ಕಾರ್ತಿಕ ಶುದ್ಧ ಪಾಡ್ಯ, ಅಂದರೆ ನಮ್ಮ ಬಲಿಪಾಡ್ಯಮಿಯ ದಿನ ನೇಪಾಳ ಸಂವತ್ತಿನ ಹೊಸ ವರ್ಷ. ಆ ಶಕೆ ಸುರುವಾದದ್ದು ಕ್ರಿ.ಶ. 879ರ ಅಕ್ಟೋಬರ್ 20ರಂದು. ಶಂಖಧರ ಸಾಖ್ವಾ ಎಂಬ ವರ್ತಕ ಊರಿನವರ ಸಾಲ ತೀರಿಸಿ ಹೊಸ ಲೆಕ್ಕ ತೆರೆದನೆಂದು ಹೇಳುತ್ತಾರೆ. ದೀಪಾವಳಿಗೆ ಖಾತೆ ಪುಸ್ತಕ ಪೂಜಿಸುವ ನಮ್ಮ ಮಂಡಿಪೇಟೆಯವರಿಗೆ ಇದು ಬೇಗ ಅರ್ಥವಾದೀತು.

ಅಂದು ಸಂಜೆ ನೆಲ ಸಾರಿಸಿ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಮಂಡಲವನ್ನು ಸಾಲಾಗಿ ಬರೆಯುತ್ತಾರೆ. ಅಕ್ಕಿಹಿಟ್ಟು, ಎಣ್ಣೆ, ಭತ್ತದ ಅರಳು, ಕಾಳು, ಚೆಂಡುಹೂವು ಎಲ್ಲ ಅದರ ಮೇಲೆ ಬೀಳುತ್ತವೆ. ಯಮನಿಗೆ ಒಂದು, ಯಮದೂತನಿಗೆ ಒಂದು ಹೆಚ್ಚಿನ ಮಂಡಲ ಇರುತ್ತದೆ. ದುಬೈಯಲ್ಲೋ ಸಿಡ್ನಿಯಲ್ಲೋ ಇರುವ ಮಗನಿಗೂ ಒಂದು ಬರೆದಿರುತ್ತಾರೆ. ಖಾಲಿ ಇದೆಯಲ್ಲ ಎಂದು ಅದರ ಮುಂದೆ ಹೋಗಿ ಕೂರಬೇಡಿ. ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂತ ಮೇಲೆ ಮನೆಯ ಹಿರಿಯ ಹೆಂಗಸು, ‘ನಕಿಂ’, ಒಂದು ತುದಿಯಿಂದ ಸುರುಮಾಡುತ್ತಾಳೆ. ಕುಂಕುಮ, ದಾರ, ಹೂವು, ಮಾದಳದ ಹಣ್ಣು, ಅಕ್ರೋಟು, ಎಣ್ಣೆಯಲ್ಲಿ ಅದ್ದಿದ ಉದ್ದನೆಯ ಬತ್ತಿ. ಬತ್ತಿ ಮಂಡಲದ ಮೇಲೆಯೇ ಉರಿಯುತ್ತದೆ. ಎಡವಟ್ಟಾಗುವುದು ಇಲ್ಲೇ: ಇಳಿಬಿಟ್ಟ ಸೆರಗು, ದುಪಟ್ಟಾ ಬತ್ತಿಗೆ ತಾಗುತ್ತವೆ, ಅಥವಾ ಮೊಣಕಾಲು ನೋವೆಂದು ಯಾರೋ ನಡುವೆ ಎದ್ದುಬಿಡುತ್ತಾರೆ. ಮಂಡಲ ಅಳಿಸುವವರೆಗೆ ಏಳುವಂತಿಲ್ಲ, ಪಕ್ಕದವರ ಮಂಡಲವನ್ನು ದಾಟುವಂತೆಯೂ ಇಲ್ಲ. ಮಂಡಿನೋವಿನವರು ಕೂರುವ ಮೊದಲೇ ಹೇಳಿದರೆ ಗೋಡೆ ಪಕ್ಕ ಕುರ್ಚಿ ಹಾಕಿಕೊಡುತ್ತಾರೆ, ಅದರಲ್ಲಿ ಸಂಕೋಚ ಬೇಡ.

ಶಾಸ್ತ್ರದ ಕೊನೆಗೆ ಬರುವ ‘ಸಗನ್’ ನಮ್ಮ ಕಡೆಯ ಸಸ್ಯಾಹಾರಿಗಳಿಗೆ ದೊಡ್ಡ ತೊಡಕು. ಬೇಯಿಸಿದ ಮೊಟ್ಟೆ, ಒಣಮೀನು, ಮಾಂಸ, ಉದ್ದಿನ ‘ವೋ’, ಮನೆಯಲ್ಲೇ ಬಟ್ಟಿ ಇಳಿಸಿದ ‘ಐಲಾ’, ಈ ಐದೂ ಕೂಡಿದ ಆಶೀರ್ವಾದ ಅದು. ಕೈಗೆ ಕೊಟ್ಟಾಗ ‘ಛೇ ಛೇ, ನಾವು ಮುಟ್ಟೋದಿಲ್ಲ’ ಎಂದು ಕೈ ಹಿಂದೆಳೆದರೆ ಹರಸಿದ ಕೈಯನ್ನು ತಳ್ಳಿದ ಹಾಗೆ. ಹಿಂದಿನ ದಿನವೇ ಗೈಡ್ ಮೂಲಕ ಹೇಳಿಸಿ, ‘ಧೌ ಸಗನ್’ ಎಂಬ ಮೊಸರಿನ ಸಗನ್ ಇದೆ, ಹಣೆಗೆ ಮೊಸರು ಹಚ್ಚಿ ಹರಸುತ್ತಾರೆ. ಐಲಾ ಕುಡಿಯುವವರಿಗೂ ಒಂದು ಎಚ್ಚರಿಕೆ ಉಂಟು. ಚಿಮ್ಮುವ ಧಾರೆಯಲ್ಲಿ, ಎತ್ತರದಿಂದ, ಪುಟ್ಟ ಮಣ್ಣಿನ ಬಟ್ಟಲಿಗೆ ಒಂದು ಹನಿ ಚೆಲ್ಲದ ಹಾಗೆ ಹೊಯ್ಯುವುದನ್ನು ನೋಡುವುದೇ ಚೆಂದ, ಆದರೆ ಬಟ್ಟಲು ಬರಿದಾದ ಕೂಡಲೇ ಮತ್ತೆ ತುಂಬುತ್ತದೆ. ಸಾಕೆನಿಸಿದರೆ ಅರ್ಧ ಉಳಿಸಿಕೊಂಡು ಕೂರುವುದೇ ದಾರಿ.

ಊಟದ್ದೂ ಸ್ವಲ್ಪ ಹೇಳಬೇಕು. ಪಂಕ್ತಿ ಭೋಜನ, ಹುಲ್ಲಿನ ಚಾಪೆ, ಎಲೆಯ ತಟ್ಟೆ. ಮೊದಲು ಬೀಳುವುದು ‘ಬಜಿ’, ನಮ್ಮ ಅವಲಕ್ಕಿಯೇ, ಒಗ್ಗರಣೆ ಇಲ್ಲದ್ದು. ಹಿರಿಯರು ತುತ್ತೆತ್ತುವವರೆಗೆ ಕಾಯಬೇಕು, ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಏಳಬೇಕು. ಮೊಸರು, ಹಣ್ಣು ಬಂದವೆಂದರೆ ಊಟ ಮುಗಿಯುತ್ತ ಬಂತೆಂದು ತಿಳಿಯಿರಿ. ‘ಚಿಪ’ ಎಂದರೆ ಎಂಜಲು, ನಮ್ಮಷ್ಟೇ ಕಟ್ಟುನಿಟ್ಟು. ಉಂಡ ಕೈಯಲ್ಲಿ ಬಡಿಸುವ ಪಾತ್ರೆ ಮುಟ್ಟಿದರೆ ಅದರಲ್ಲಿದ್ದುದೆಲ್ಲ ಕೆಟ್ಟಂತೆ. ‘ವೋ’ ತೂತಿಲ್ಲದ ಉದ್ದಿನ ವಡೆಯನ್ನು ಹೆಂಚಿನ ಮೇಲೆ ತಟ್ಟಿದಂತಿರುತ್ತದೆ. ‘ಚತಾಮರಿ’ ಅಕ್ಕಿಹಿಟ್ಟಿನ ತೆಳು ದೋಸೆ. ಎರಡೂ ಸಸ್ಯಾಹಾರವೆಂದು ಧೈರ್ಯವಾಗಿ ತಿನ್ನುವ ಮೊದಲು ಹೆಂಚನ್ನು ನೋಡಿ. ಖೀಮಾ, ಮೊಟ್ಟೆ ಹಾಕಿದ್ದೂ ಸಾದಾ ಇರುವುದೂ ಅದೇ ಹೆಂಚಿನ ಮೇಲೆ ಬೇಯುತ್ತವೆ. ಬೆಲ್ಲ ಎಳ್ಳು ತುಂಬಿದ ‘ಯೋಮರಿ’ ಕಡುಬಿಗೆ ಮತ್ತು ಭಕ್ತಪುರದ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು ‘ಜುಜು ಧೌ’ಗೆ ಈ ಅಂಜಿಕೆ ಬೇಕಿಲ್ಲ. ಬೆಣ್ಣೆದೋಸೆಯ ಊರಿನವರು ಮೆಚ್ಚುವುದು ಸುಲಭವಲ್ಲ, ಆದರೂ ಆ ಮೊಸರಿಗೆ ತಲೆದೂಗಲೇಬೇಕು.

ಮನೆಗೆ ಹೋಗುವಾಗ ಹೊಸ್ತಿಲ ಆಚೆ, ಬೀದಿಯಲ್ಲಿ ಹುದುಗಿಸಿದ ಒಂದು ಕಲ್ಲು ಕಾಣುತ್ತದೆ. ಅಕ್ಷತೆ, ಕುಂಕುಮ ಮೆತ್ತಿರುತ್ತದೆ, ಮಳೆಗಾಲದಲ್ಲಿ ಅದೂ ತೊಳೆದುಹೋಗಿ ಬರೀ ಕಲ್ಲಿನಂತೆ ಇರುತ್ತದೆ. ಅದು ‘ಪಿಖಾಲಖು’, ಮನೆಯ ಗಡಿ ಕಾಯುವ ದೇವರು. ಚಪ್ಪಲಿ ಬಿಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನಮ್ಮವರು ಅದರ ಮೇಲೆಯೇ ಬಿಡುತ್ತಾರೆ! ಒಳಗೆ ಕರೆದಲ್ಲಿಗೆ ಮಾತ್ರ ಹೋಗಬೇಕು. ಹಳೆಯ ಮನೆಗಳಲ್ಲಿ ಅಡುಗೆಮನೆ, ದೇವರಮನೆ ಇರುವುದು ಮಾಳಿಗೆಯ ತುದಿಯಲ್ಲಿ. ಕುಲದ ಗುಪ್ತದೇವತೆಯ ‘ಆಗಂ’ ಇದ್ದರಂತೂ ಒಳಗೆ ಯಾವ ದೇವರಿದೆ ಎಂದು ಕೇಳುವುದೂ ತಪ್ಪು.

ದೇವಸ್ಥಾನಗಳ ವಿಷಯ. ಪಶುಪತಿನಾಥದಲ್ಲಿ ಚರ್ಮದ ಬೆಲ್ಟು, ಪರ್ಸು ನಿಷಿದ್ಧ, ಒಳಗೆ ಫೋಟೊ ತೆಗೆಯುವಂತಿಲ್ಲ. ಲಿಂಗದ ನಾಲ್ಕು ದಿಕ್ಕಿನ ಮುಖಗಳು ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಮೇಲಿನದು ಈಶಾನ. ಪಂಚಾಚಾರ್ಯರ ಕಥೆ ಕೇಳಿ ಬೆಳೆದವರಿಗೆ ಈ ಐದು ಹೆಸರು ಹೊಸದಲ್ಲ. ಲಿಂಗ ಮುಟ್ಟಿ ಪೂಜಿಸುವ ಭಟ್ಟರು ದಕ್ಷಿಣದವರು, ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಅವರಿಗೆ ನೆರವಾಗುವ ಭಂಡಾರಿಗಳು ಸ್ಥಳೀಯರು. ಭಕ್ತಪುರದಲ್ಲಿ ವೀರಶೈವರ ಜಂಗಮ ಮಠ ಇದೆ, ಅದನ್ನು ತೋರಿಸದೆ ಬಸ್ಸು ಮುಂದೆ ಹೋಗುತ್ತದೆ. ಹಿಂದೆ ಕಣಿವೆಯನ್ನು ಆಳಿದ ಮಲ್ಲ ಅರಸರ ಕುಲದೇವತೆ ತಲೇಜುವನ್ನು ಮಿಥಿಲೆಯ ಕರ್ಣಾಟ ವಂಶದವರು ಭಕ್ತಪುರಕ್ಕೆ ತಂದರೆಂಬುದು ಪ್ರತೀತಿ. ಆ ವಂಶವನ್ನು 1097ರಲ್ಲಿ ನೆಲೆಗೊಳಿಸಿದ ನಾನ್ಯದೇವ ಕರ್ಣಾಟ ಮೂಲದವನು. ದುರ್ಗದ ಪಾಳೇಗಾರರು ಉಚ್ಚಂಗಮ್ಮನನ್ನು ನಂಬಿದ ಹಾಗೆ ಮಲ್ಲರು ತಲೇಜುವನ್ನು ನಂಬಿದ್ದರು. ಕಠ್ಮಂಡುವಿನ ತಲೇಜು ಗುಡಿ ಸಾರ್ವಜನಿಕರಿಗೆ ತೆರೆಯುವುದು ವರ್ಷಕ್ಕೊಮ್ಮೆ, ಮಹಾನವಮಿಗೆ. ಪಾಟನ್‌ನ ಹಿರಣ್ಯವರ್ಣ ಮಹಾವಿಹಾರದೊಳಗೂ ಚರ್ಮ ಬೇಡ. ಅಲ್ಲಿ 12 ವರ್ಷದೊಳಗಿನ ಬಾಲಕ ಅರ್ಚಕನಿರುತ್ತಾನೆ, 30 ದಿನಕ್ಕೆ ಸರದಿ ಬದಲು. ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ‘ಕುಮಾರಿ’ ತನ್ನ ಮನೆಯ ಕಿಟಕಿಗೆ ಬಂದಾಗ ಅವಳ ಫೋಟೊ ಯಾರೂ ತೆಗೆಯುವಂತಿಲ್ಲ. ದಕ್ಷಿಣಕಾಳಿಯಲ್ಲಿ ಮಂಗಳವಾರ, ಶನಿವಾರ ಬಲಿ ನಡೆಯುತ್ತದೆ, ನೋಡಲಾರದವರು ಬೇರೆ ದಿನ ಹೋಗಲಿ.

ಪ್ಯಾಕೇಜ್ ನಡೆಸುವವರಲ್ಲಿ ಕೇಳುವುದು ಇಷ್ಟು. ಭಕ್ತಪುರಕ್ಕೆ ನಲವತ್ತು ನಿಮಿಷ ಕೊಟ್ಟು ‘ಬೇಗ ಬೇಗ’ ಎಂದು ಕೂಗುವ ಬದಲು ಒಂದು ರಾತ್ರಿ ಅಲ್ಲೇ ಉಳಿಸಿ. ನೇವಾರ ಮನೆಗೆ ಕರೆದೊಯ್ಯುವುದಾದರೆ ಹತ್ತು ಜನರಿಗಿಂತ ಹೆಚ್ಚು ಬೇಡ, ಹಳೆಯ ಮನೆಗಳ ಮಹಡಿ ಮೆಟ್ಟಿಲು ಏಣಿಯಷ್ಟೇ ಇಕ್ಕಟ್ಟು, ಸೂರು ತಲೆಗೆ ಬಡಿಯುತ್ತದೆ. ಯಾರು ಏನು ತಿನ್ನುತ್ತಾರೆಂಬ ಪಟ್ಟಿಯನ್ನು ದಾವಣಗೆರೆ ಬಿಡುವ ಮೊದಲೇ ಮಾಡಿ ಕಳಿಸಿ. ಇಹಿ, ಜಂಕುಗಳಿಗೆ ನಿಶ್ಚಿತ ದಿನ ಇಲ್ಲ, ಆದ್ದರಿಂದ ‘ಖಂಡಿತ ತೋರಿಸುತ್ತೇವೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ. ಮ್ಹ ಪೂಜಾ ನೋಡಬೇಕೆನ್ನುವವರು ನಮ್ಮ ಪಂಚಾಂಗ ನೋಡಿ ಬಲಿಪಾಡ್ಯಮಿಗೆ ಟಿಕೆಟ್ ತೆಗೆಸಲಿ, ಹೋಗುವ ಮುನ್ನ ಅಲ್ಲಿನ ದಿನವನ್ನೂ ಕೇಳಿಕೊಳ್ಳಲಿ, ತಿಥಿ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆಗುವುದುಂಟು. ವಿಮಾನದಲ್ಲಿ ಹೋಗುವ, 65 ದಾಟದ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು, ಅವರಲ್ಲಿ ಬರೀ ಆಧಾರ್ ಹಿಡಿದು ಬಂದವರು ವಿಮಾನ ನಿಲ್ದಾಣದಿಂದಲೇ ವಾಪಸು.

– ಪ್ರವಾಸಾಸಕ್ತ ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ