ಆ ಮೇಲ್ ಇವತ್ತು ಕಳಿಸ್ಬೇಡ

ಪುಟ್ಟಿ,

ನಿನ್ನ ಮೆಸೇಜ್ ರಾತ್ರಿನೇ ಓದ್ದೆ, ಆಫೀಸಲ್ಲಿ ಡೆಡ್‌ಲೈನ್ ಬದಲಾಗಿದ್ದನ್ನ ನಿನಗೆ ಹೇಳದೇ ಇದ್ದವರ ಮೇಲೆ ನೀನು ಸಿಟ್ಟಲ್ಲಿ ಬರೆದಿಟ್ಕೊಂಡಿರೋ ಆ ಉದ್ದದ ಮೇಲ್ ಕೂಡ. "ಕಳಿಸ್ಲಾ ದೊಡ್ಡಪ್ಪಾ" ಅಂತ ಕೇಳಿದ್ಯಲ್ಲ, ಬೇಡ, ಇವತ್ತು ಬೇಡ. ಡ್ರಾಫ್ಟಲ್ಲೇ ಇರ್ಲಿ, ಆದ್ರೆ ಮೇಲಿರೋ ಅಡ್ರೆಸ್‌ಗಳನ್ನ ಮೊದ್ಲು ಅಳಿಸ್ಬಿಡು, ಕೈತಪ್ಪಿ ಹೋದ್ರೆ ಕಷ್ಟ.

ನಾನೂ ಒಂದ್ಸಲ ಇಂಥದ್ದೇ ಮೇಲ್ ಕಳಿಸಿ ಅನುಭವಿಸ್ದೋನು. ಮೂರು ವಾರ ಕೂತು ಮಾಡಿದ್ದ ರಿಪೋರ್ಟನ್ನ ಜೊತೆಯವನೊಬ್ಬ ಮೀಟಿಂಗಲ್ಲಿ ತೋರಿಸ್ದ, ನನ್ನ ಹೆಸರು ಎಲ್ಲೂ ಇಲ್ಲ. ಕಿವಿ ಬಿಸಿಯಾಯ್ತು, ಸೀಟಿಗೆ ಬಂದೋನೇ ಕೀಬೋರ್ಡ್ ಕುಟ್ಟಿದ್ದೇ ಕುಟ್ಟಿದ್ದು, ಮ್ಯಾನೇಜರನ್ನೂ ಅವರ ಮೇಲಿನವರನ್ನೂ ಸಿಸಿಗೆ ಹಾಕಿ ಕಳಿಸೇಬಿಟ್ಟೆ. ಹತ್ತು ನಿಮಿಷಕ್ಕೆ ಅವನ ಉತ್ರ ಬಂತು, ಎರಡೇ ಸಾಲು, ಜೊತೆಗೆ ಅವನ ಒರಿಜಿನಲ್ ಫೈಲು. ಮೊದಲ ಸ್ಲೈಡಲ್ಲೇ ನನ್ನ ಹೆಸರಿತ್ತು, ಟೈಮಿಲ್ಲ ಅಂತ ಆ ಸ್ಲೈಡ್ ತೆಗೆಸಿದ್ದು ಮ್ಯಾನೇಜರ್ರೇ. ಸಾರಿ ಕೇಳ್ದೆ, ಅವನು ಬಿಟ್ಬಿಟ್ಟ, ಸಿಸಿಲಿದ್ದೋರು ಬಿಡ್ಲಿಲ್ಲ, ತುಂಬಾ ದಿನ ಅವರ ಪಾಲಿಗೆ ನಾನು "ಆ ಮೇಲ್ ಹಾಕ್ದೋನು".

ಹೆಸರಿಲ್ಲ ಅನ್ನೋದಷ್ಟೇ ನಾನು ಕಂಡಿದ್ದು, ಬೇಕಂತ್ಲೇ ತೆಗೆದ ಅನ್ನೋದು ನಾನೇ ಸೇರಿಸ್ಕೊಂಡಿದ್ದು. ಈಗ ನಿನ್ನ ಮೇಲ್ ನೋಡು, ನಾಲ್ಕು ಕಡೆ "ಯಾವಾಗ್ಲೂ", ಎರಡು ಕಡೆ "ಬೇಕಂತ್ಲೇ". ಆ ಆರು ಪದ ತೆಗೆದ್ರೆ ಉಳಿಯೋದು ಒಂದೇ, ಡೆಡ್‌ಲೈನ್ ಬದಲಾಗಿದ್ದನ್ನ ನಿನಗೆ ಹೇಳ್ಲಿಲ್ಲ.

ಇನ್ನೊಂದು, ಮೇಲ್ ತುಂಬಾ ಕೋಪ ಅಂತ ಬರ್ದಿದ್ದೀಯ, ಓದ್ತಾ ನನಗ್ಯಾಕೋ ಅದು ಅವಮಾನ ಅನ್ನಿಸ್ತು. ಎಮೋಷನಲ್ ಇಂಟೆಲಿಜೆನ್ಸ್ ಅಂದ್ರೆ ನಗ್ತಾ ನುಂಗ್ಕೊಳ್ಳೋದು ಅಂತ ಟ್ರೈನಿಂಗಲ್ಲಿ ಹೇಳಿದ್ರೆ ನಂಬ್ಬೇಡ, 1990ರಲ್ಲಿ ಸಾಲೋವಿ, ಮೇಯರ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಅದರ ಬಗ್ಗೆ ಬರೆದಾಗ್ಲೇ ಹೇಳಿದ್ದು ತನ್ನದೂ ಬೇರೆಯವರದ್ದೂ ಭಾವನೆ ಗಮನಿಸಿ, ಯಾವುದು ಯಾವುದು ಅಂತ ಗುರುತು ಹಿಡಿದು, ಅದನ್ನ ನೋಡ್ಕೊಂಡು ನಡ್ಕೊಳ್ಳೋದು ಅಂತ. 2007ರಲ್ಲಿ ಲೀಬರ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಯವರು ಬ್ರೈನ್ ಸ್ಕ್ಯಾನ್ ಮಾಡಿ ನೋಡಿದ್ರು, ಫೋಟೋಲಿರೋ ಮುಖದ ಭಾವನೆಗೆ ಒಂದು ಹೆಸರಿಟ್ಟಾಗ, ಭಯ-ಸಿಟ್ಟಿನ ಹೊತ್ತಲ್ಲಿ ಎಚ್ಚರಗೊಳ್ಳೋ ಅಮಿಗ್ಡಲಾ ಅನ್ನೋ ಮೆದುಳಿನ ಭಾಗ ಸ್ವಲ್ಪ ತಣ್ಣಗಾಗಿತ್ತು. ಅದಕ್ಕೇ ನಿನ್ನ ಭಾವನೆಗೂ ಸರಿಯಾದ ಹೆಸರಿಟ್ಟು ನೋಡು.

ಡೆಡ್‌ಲೈನ್ ವಿಷಯ ನಿನಗೆ ಹೇಳದೇ ಇದ್ದವರು ಒಬ್ರೇ ಇದ್ದಾಗ ಅವರ ಹತ್ರ ಹೋಗು. "ಡೆಡ್‌ಲೈನ್ ಬದಲಾಗಿದ್ದು ನನಗೆ ಗೊತ್ತಾಗ್ಲಿಲ್ಲ, ಎಲ್ರ ಮುಂದೆ ಮುಜುಗರ ಆಯ್ತು, ಏನಾಗಿತ್ತು?" ಅಂತ ಕೇಳಿ ಸುಮ್ನಿದ್ಬಿಡು. ಆ ಸುಮ್ನಿರೋ ಅರ್ಧ ನಿಮಿಷನೇ ಕಷ್ಟ, ನಾವೇ ಬಾಯಿ ಹಾಕಿ "ಪರ್ವಾಗಿಲ್ಲ ಬಿಡಿ" ಅಂದ್ಬಿಡ್ತೀವಿ. ಅನ್ಬೇಡ.

ಬೈಗುಳ, ಬೆದರಿಕೆ, ಮೈಮುಟ್ಟೋದು, ಇಂಥದ್ದೇನಾದ್ರೂ ಇದ್ರೆ ಮಾತ್ರ ನಾನು ಹೇಳಿದ್ದೆಲ್ಲ ಮರ್ತುಬಿಡು, ತಾರೀಖು ಟೈಮ್ ಸಮೇತ ಬರೆದಿಟ್ಟು ನೇರ ಕಂಪ್ಲೇಂಟ್ ಕೊಡು.

ಮಾತಾಡಿದ್ಮೇಲೆ ಫೋನ್ ಮಾಡು. ಅವರು ಒಪ್ಪದೇ ಹೋದ್ರೆ ಆ ಮೇಲನ್ನ ಇಬ್ರೂ ಕೂತು ತಿದ್ದೋಣ, ಐದು ಸಾಲು ಸಾಕಾಗ್ಬಹುದು.

ನಿನ್ನ ದೊಡ್ಡಪ್ಪ