ಎಫ್‌ಎಸ್‌ಪಿಎಸ್ ಕಲಿಯಲು ಹೊರಟ ಮಗಳಿಗೆ

ಎರಂಡವಣೆ, ಪುಣೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನೀನು ಗೆಲಾಕ್ಸಿಗಳ ವಯಸ್ಸನ್ನು ಕಂಡುಹಿಡಿಯುವ ವಿಷಯವನ್ನು ಆರಿಸಿಕೊಂಡಿದ್ದೀಯೆಂದೂ, ಅದಕ್ಕಾಗಿ ಮುಂದಿನ ತಿಂಗಳು ಧಾರವಾಡದಿಂದ ಇಲ್ಲಿನ ಖಗೋಳ ಸಂಶೋಧನಾ ಸಂಸ್ಥೆಯಾದ ಐಯುಕಾಕ್ಕೆ ಬರುತ್ತೀಯೆಂದೂ ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದೇ ಊರಿನಲ್ಲಿ ಖಗೋಳ ವಿಜ್ಞಾನಿಗಳಿಗಾಗಿ ಪ್ರೋಗ್ರಾಂ ಬರೆಯುತ್ತ ಬಹಳ ವರ್ಷ ಕಳೆದವನಾದ್ದರಿಂದ, ನೀನು ಬರುವ ಮೊದಲೇ ಮನೆಯಲ್ಲಿ ಕುಳಿತು ಮಾಡಿಕೊಳ್ಳಬೇಕಾದ ಕೆಲವು ಕೆಲಸಗಳನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ.

ಗಣಪತಿ ವಿಸರ್ಜನೆಯ ರಾತ್ರಿ ಲಕ್ಷ್ಮೀ ರಸ್ತೆಯ ಢೋಲ್-ತಾಶಾ ಮೇಳದ ಸದ್ದು ದೂರದವರಿಗೆ ಒಂದೇ ಮೊಳಗಾಗಿ ಕೇಳಿಸುತ್ತದೆ. ಅದರಲ್ಲಿ ಢೋಲು ಎಷ್ಟು, ತಾಶಾ ಎಷ್ಟು ಎಂದು ಬಿಡಿಸಿ ಹೇಳಬೇಕಾದರೆ ಒಂದೊಂದು ವಾದ್ಯದ ದನಿಯೂ ಮೊದಲೇ ಪರಿಚಿತವಾಗಿರಬೇಕು. ದೂರದ ಗೆಲಾಕ್ಸಿಯ ಬೆಳಕೂ ಹಾಗೆಯೇ. ಅದರ ನಕ್ಷತ್ರಗಳು ನಮಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ, ಎಲ್ಲವೂ ಕೂಡಿದ ಒಂದು ರೋಹಿತ, ಅಂದರೆ ಯಾವ ಬಣ್ಣದ ಬೆಳಕು ಎಷ್ಟಿದೆ ಎಂಬ ಹರವು, ಮಾತ್ರ ಕೈಗೆ ಸಿಗುತ್ತದೆ. ಇದನ್ನು ಬಿಡಿಸುವ ದಾರಿಯನ್ನು 1968ರಷ್ಟು ಹಿಂದೆಯೇ ಖಗೋಳ ವಿಜ್ಞಾನಿ ಬಿಯಾಟ್ರಿಸ್ ಟಿನ್ಸ್ಲೆ ಅವರು ಗೆಲಾಕ್ಸಿಗಳ ಬಣ್ಣ ಕಾಲಕ್ರಮದಲ್ಲಿ ಬದಲಾಗುವ ಬಗೆಯನ್ನು ಲೆಕ್ಕ ಹಾಕಿ ತೋರಿಸಿದ್ದರು. ನೀನು ಬಳಸಲಿರುವ ಎಫ್‌ಎಸ್‌ಪಿಎಸ್, ಚಾರ್ಲಿ ಕಾನ್ರಾಯ್ ಮತ್ತು ಸಂಗಡಿಗರು 2009ರಿಂದ ಪ್ರಬಂಧಗಳಲ್ಲಿ ವಿವರಿಸುತ್ತ ಬಂದ ತಂತ್ರಾಂಶ. ಅದೂ ಅದೇ ದಾರಿಯಲ್ಲಿ ಸಾಗುತ್ತದೆ. ಒಟ್ಟಿಗೆ ಹುಟ್ಟಿದ ನಕ್ಷತ್ರಗಳಲ್ಲಿ ಯಾವ ತೂಕದವು ಎಷ್ಟು ಎಂಬ ಹಂಚಿಕೆ, ಒಂದೇ ವಯಸ್ಸಿನ ನಕ್ಷತ್ರಗಳು ಯಾವ ಹಂತದಲ್ಲಿರುತ್ತವೆ ಎಂದು ಹೇಳುವ ಐಸೋಕ್ರೋನ್‌ಗಳು, ಪ್ರತಿ ಬಗೆಯ ನಕ್ಷತ್ರದ ರೋಹಿತಗಳ ಸಂಗ್ರಹ, ಈ ಮೂರನ್ನೂ ಕೂಡಿಸಿ ಅದು ಇಡೀ ಸಮುದಾಯದ ಬೆಳಕನ್ನು ಕಟ್ಟಿಕೊಡುತ್ತದೆ.

ಇನ್‌ಸ್ಟಾಲ್ ಮಾಡುವುದು ಕಷ್ಟವೇನಲ್ಲ, ಆದರೆ ಅವಸರ ಬೇಡ. ಮೂಲ ಪ್ರೋಗ್ರಾಂ ಫೋರ್ಟ್ರಾನ್ ಭಾಷೆಯಲ್ಲಿದೆ, ನೀನು ಅದನ್ನು ಪೈಥಾನ್ ಮೂಲಕ ಮಾತನಾಡಿಸುತ್ತೀ. ಗಿಟ್‌ನಿಂದ ಎಫ್‌ಎಸ್‌ಪಿಎಸ್‌ನ ಪೂರ್ತಿ ಫೋಲ್ಡರನ್ನು ಮೊದಲು ಇಳಿಸಿಕೊಂಡು, ಎಸ್‌ಪಿಎಸ್ ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಆ ಫೋಲ್ಡರಿನ ವಿಳಾಸವನ್ನೇ ತೋರಿಸುವಂತೆ ಮಾಡು. ಪೈಥಾನ್ ಪ್ಯಾಕೇಜ್ ಒಂದನ್ನೇ ಹಾಕಿಕೊಂಡರೆ ಅದಕ್ಕೆ ದತ್ತಾಂಶದ ಫೈಲುಗಳು ಸಿಗುವುದಿಲ್ಲ. ಮೊದಲ ಸಲ ರೋಹಿತ ಕೇಳಿದಾಗ ಉತ್ತರ ಬರಲು ತುಸು ಹೊತ್ತು ಹಿಡಿದರೆ ಗಾಬರಿಯಾಗಬೇಡ. ಅದು ಎಲ್ಲ ವಯಸ್ಸುಗಳ ಲೆಕ್ಕವನ್ನು ಒಮ್ಮೆಗೇ ಮಾಡಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಸ್ಟೆಲ್ಲರ್ ಪಾಪ್ಯುಲೇಷನ್ ಎಂಬ ಆಬ್ಜೆಕ್ಟನ್ನು ಲೂಪಿನ ಒಳಗೆ ಮತ್ತೆ ಮತ್ತೆ ಸೃಷ್ಟಿಸದೆ, ಹೊರಗೆ ಒಮ್ಮೆ ಮಾಡಿಟ್ಟುಕೊಂಡು ಒಳಗೆ ಅದರ ಮೌಲ್ಯಗಳನ್ನಷ್ಟೇ ಬದಲಿಸು.

ಇನ್ನು ನನಗೇ ಆದ ಒಂದು ಅನುಭವವನ್ನು ಹೇಳಲೇಬೇಕು. ಈ ತಂತ್ರಾಂಶ ನನಗೆ ಹೊಸದಾಗಿದ್ದಾಗ ನಕ್ಷತ್ರಗಳ ಲೋಹಾಂಶವನ್ನು (ಹೈಡ್ರೋಜನ್, ಹೀಲಿಯಂಗಳಿಗಿಂತ ಭಾರವಾದ ಧಾತುಗಳ ಪಾಲನ್ನು) ಸೂಚಿಸುವ ಲಾಗ್‌ಝಡ್‌ಸೋಲ್ ಮೌಲ್ಯವನ್ನು ಮೈನಸ್ ಒಂದರಿಂದ ಸೊನ್ನೆಯವರೆಗೆ ಬದಲಿಸುತ್ತ ಹೋದೆ, ಪ್ರತಿ ಸಲವೂ ಅದೇ ರೋಹಿತ ಬಂತು. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸಲಿಲ್ಲ. ಈ ಬಗೆಯ ನಕ್ಷತ್ರಗಳಿಗೆ ಲೋಹಾಂಶ ಮುಖ್ಯವೇ ಅಲ್ಲವೇನೋ ಎಂದು ಒಂದು ವಾರ ನಂಬಿಯೂ ಬಿಟ್ಟಿದ್ದೆ. ಆಮೇಲೆ ಕೈಪಿಡಿಯನ್ನು ಸಾಲು ಸಾಲಾಗಿ ಓದಿದಾಗ ತಿಳಿಯಿತು: ಝಡ್‌ಕಂಟಿನ್ಯುಯಸ್ ಎಂಬ ಆಯ್ಕೆ ಸೊನ್ನೆಯಾಗಿದ್ದರೆ, ಮತ್ತು ತಾನಾಗಿ ಬಿಟ್ಟರೆ ಅದು ಸೊನ್ನೆಯೇ, ಲಾಗ್‌ಝಡ್‌ಸೋಲ್‌ಗೆ ನಾವು ಏನು ಕೊಟ್ಟರೂ ಲೆಕ್ಕಕ್ಕೆ ಬರುವುದಿಲ್ಲ. ಆ ಆಯ್ಕೆಯನ್ನು ಒಂದು ಎಂದು ಕೊಟ್ಟ ಮೇಲೆ ರೋಹಿತಗಳು ಬೇರೆ ಬೇರೆಯಾದವು. ಆದ್ದರಿಂದ ಮಗಳೇ, ನೀನು ಹೇಳದೆ ಬಿಟ್ಟದ್ದನ್ನು ತಂತ್ರಾಂಶ ತನ್ನಷ್ಟಕ್ಕೆ ಏನೆಂದು ಇಟ್ಟುಕೊಂಡಿದೆ ಎಂಬುದನ್ನು ಮೊದಲ ದಿನವೇ ಒಂದು ನೋಟ್‌ಬುಕ್‌ನಲ್ಲಿ ಕೈಯಾರೆ ಬರೆದಿಟ್ಟುಕೊ. ಐಸೋಕ್ರೋನ್‌ಗಳು ಮಿಸ್ಟ್ ಎಂಬ ಸಂಗ್ರಹದವೋ ಪಾಡೋವಾ ಎಂಬ ಸಂಗ್ರಹದವೋ ಎಂಬುದೂ ಅಲ್ಲಿರಲಿ, ಏಕೆಂದರೆ ಸೂರ್ಯನ ಲೋಹಾಂಶವೆಂದು ಮೊದಲನೆಯದು 0.0142 ಎಂದೂ ಎರಡನೆಯದು 0.0190 ಎಂದೂ ಹಿಡಿಯುತ್ತದೆ. ತೂಕದ ಹಂಚಿಕೆ ಸಾಲ್ಪೀಟರ್ ಅವರು 1955ರಲ್ಲಿ ಕೊಟ್ಟದ್ದೋ, ಕ್ರೂಪಾ ಅಥವಾ ಶಾಬ್ರಿಯೆ ಅವರದೋ ಎಂಬುದನ್ನೂ ಬರೆ. ಬೆಳಕು ಅಷ್ಟೇ ಇದ್ದರೂ ಸಾಲ್ಪೀಟರ್ ಹಂಚಿಕೆಯಲ್ಲಿ ಗೆಲಾಕ್ಸಿಯ ತೂಕ ಶಾಬ್ರಿಯೆ ಹಂಚಿಕೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಿ ಬರುತ್ತದೆ.

ಮಾನಗಳ ವಿಷಯದಲ್ಲಿಯೂ ಎಚ್ಚರವಿರಲಿ. ವಯಸ್ಸನ್ನು ಕೊಡುವುದು ನೂರು ಕೋಟಿ ವರ್ಷಗಳ ಲೆಕ್ಕದಲ್ಲಿ, ತರಂಗಾಂತರ ಬರುವುದು ಆಂಗ್‌ಸ್ಟ್ರಾಂಗಳಲ್ಲಿ. ಬೆಳಕು ಪ್ರತಿ ಹರ್ಟ್ಸ್‌ಗೋ ಪ್ರತಿ ಆಂಗ್‌ಸ್ಟ್ರಾಂಗೋ ಎಂಬುದು ನೀನು ಕೇಳಿದ ಹಾಗೆ ಬದಲಾಗುತ್ತದೆ, ಎರಡರ ರೇಖೆಯ ಆಕಾರವೂ ಒಂದೇ ಅಲ್ಲ.

ನಿನ್ನ ಗೆಲಾಕ್ಸಿಯ ದತ್ತಾಂಶವನ್ನು ಈಗಲೇ ಮುಟ್ಟಬೇಡ. ಒಂದೇ ಸಲಕ್ಕೆ ಹುಟ್ಟಿದ, ಸೂರ್ಯನಷ್ಟೇ ಲೋಹಾಂಶವಿರುವ, ಧೂಳಿಲ್ಲದ ಸರಳ ಸಮುದಾಯವನ್ನು ತೆಗೆದುಕೊಂಡು ಅದಕ್ಕೆ ಒಂದು ಕೋಟಿ, ಐವತ್ತು ಕೋಟಿ, ಸಾವಿರ ಕೋಟಿ ವರ್ಷಗಳಾದಾಗಿನ ರೋಹಿತಗಳನ್ನು ಒಂದೇ ಚಿತ್ರದಲ್ಲಿ ಬಿಡಿಸು. ಮೊದಲನೆಯದು ನೇರಳಾತೀತದ ಕಡೆಗೆ ಉರಿಯಬೇಕು, ಏಕೆಂದರೆ ಅಲ್ಪಾಯುಷಿಗಳಾದ ಭಾರೀ ನಕ್ಷತ್ರಗಳು ಆಗಿನ್ನೂ ಬದುಕಿರುತ್ತವೆ. ಎರಡನೆಯದರಲ್ಲಿ ಹೈಡ್ರೋಜನ್ನಿನ ರೇಖೆಗಳು, ಅಂದರೆ ಅದು ಬೆಳಕನ್ನು ಹೀರಿಕೊಂಡ ಕಡೆ ಬೀಳುವ ಕಿರಿದಾದ ತಗ್ಗುಗಳು, ಆಳವಾಗಿರಬೇಕು. ಕೊನೆಯದು ಕೆಂಪಾಗಿ, 4000 ಆಂಗ್‌ಸ್ಟ್ರಾಂ ಬಳಿ ಮೆಟ್ಟಿಲಿನಂತೆ ಇಳಿದಿರಬೇಕು. ಹೀಗೆ ಬಾರದಿದ್ದರೆ ತಪ್ಪು ನಿನ್ನ ಪ್ರೋಗ್ರಾಮಿನಲ್ಲಿದೆ, ಹುಡುಕು. ಮೈಲ್ಸ್ ಎಂಬ ನಕ್ಷತ್ರ ರೋಹಿತಗಳ ಸಂಗ್ರಹ ಬಳಸಿದರೆ ಸೂಕ್ಷ್ಮ ರೇಖೆಗಳು 3525ರಿಂದ 7500 ಆಂಗ್‌ಸ್ಟ್ರಾಂವರೆಗೆ ಮಾತ್ರ ಕಾಣುತ್ತವೆ. ಅದರಾಚೆಗೆ ರೋಹಿತ ಒರಟಾಗುವುದನ್ನು ನೋಡಿ ಗೆಲಾಕ್ಸಿಯಲ್ಲಿ ರೇಖೆಗಳೇ ಇಲ್ಲವೆಂದು ತೀರ್ಮಾನಿಸಬೇಡ.

ಇದಾದ ಮೇಲೆ ಇನ್ನೊಂದು ಚಿತ್ರ ಬರೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಹಳೆಯ ಸಮುದಾಯವೊಂದರ ವಯಸ್ಸನ್ನು ಮೂರು ಪಟ್ಟು ಹೆಚ್ಚಿಸಿ ಲೋಹಾಂಶವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಣ್ಣ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ ಎಂದು ಖಗೋಳ ವಿಜ್ಞಾನಿ ಗೈ ವರ್ದಿ 1994ರಲ್ಲಿ ತೋರಿಸಿದರು. 400 ಕೋಟಿ ಮತ್ತು 1200 ಕೋಟಿ ವರ್ಷಗಳ ಎರಡು ಮಾದರಿಗಳನ್ನು ಹೀಗೆ ಮಾಡಿ ಒಂದರ ಮೇಲೊಂದು ಇಟ್ಟು ನೋಡು. ಅವು ಎಲ್ಲಿ ಕೂಡಿಕೊಳ್ಳುತ್ತವೆ, ಯಾವ ರೇಖೆಗಳಲ್ಲಿ ಅಗಲುತ್ತವೆ ಎಂದು ಕಣ್ಣಾರೆ ಕಂಡ ಮೇಲೆ, ಬರಿಯ ಬಣ್ಣ ನೋಡಿ ಬಂದ ವಯಸ್ಸನ್ನು ಎಷ್ಟು ನಂಬಬೇಕೆಂಬುದು ನಿನಗೇ ತಿಳಿಯುತ್ತದೆ. ಆ ತಿಳಿವಳಿಕೆಯಿಲ್ಲದೆ ಗೆಲಾಕ್ಸಿಗೆ ಮಾದರಿ ಹೊಂದಿಸಲು ಹೊರಟವರನ್ನು ನಾನು ನೋಡಿದ್ದೇನೆ. ಅವರಿಗೆ ದಶಮಾಂಶ ಬಿಂದುವಿನ ನಂತರ ಮೂರು ಅಂಕೆಗಳವರೆಗೆ ಉತ್ತರ ಬರುತ್ತಿತ್ತು, ಅದರ ಅರ್ಥವನ್ನು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ಈ ಎರಡೂ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಬಾ. ಮೇಲಿನ ಕೋಣೆಯಲ್ಲಿ ನಿನಗೆ ಮೇಜು ಹಾಕಿಸಿದ್ದೇನೆ. ಬಂದ ಸಂಜೆಯೇ ಕುಳಿತು ಒಂದೊಂದು ರೇಖೆಯನ್ನೂ ನೋಡೋಣ. ನಿನ್ನ ಅಪ್ಪ-ಅಮ್ಮನಿಗೆ ನಮ್ಮ ನೆನಪುಗಳನ್ನು ತಿಳಿಸು. ದೊಡ್ಡಮ್ಮ ಆಶೀರ್ವಾದ ತಿಳಿಸಿದ್ದಾಳೆ.

ಇಂತಿ ನಿನ್ನ ಹಿತವನ್ನೇ ಬಯಸುವ
ದೊಡ್ಡಪ್ಪ